ಸ್ಟಮಾಟಿಸನ ಕಂಪ್ಯೂಟರೂ ಲ್ಯೂಬೊನ ಕುರ್ಚಿಯೂ

ಸ್ಟಮಾಟಿಸನ ಕಂಪ್ಯೂಟರಿಗೆ ದಮ್ಮು ಶುರುವಾದದ್ದು ಈಸ್ಟರ್ ಕಳೆದ ಮೇಲೆ. ಹೊಸ ಕಾರ್ ರೇಸಿನ ಆಟ ಹಾಕಿದ್ದೇ ತಡ, ಮೂರನೇ ತಿರುವು ಬರುವಷ್ಟರಲ್ಲಿ ಫ್ಯಾನು ಭರ್ರೆಂದು ಕೂಗಿಕೊಳ್ಳುವುದು, ಚಿತ್ರ ನಿಂತು ನಿಂತು ಬರುವುದು, ರಸ್ತೆಯ ಮೇಲಿದ್ದ ಕಾರು ಕಣ್ಣು ಮಿಟುಕಿಸುವಷ್ಟರಲ್ಲಿ ಮರಕ್ಕೆ ಗುದ್ದಿಕೊಂಡಿರುವುದು. ಮರುಭೂಮಿಯ ನಡುವಿನ ನಮ್ಮ ಗಣಿಯೂರು ಕೂಬರ್ ಪೀಡಿಯಲ್ಲಿ ಧೂಳು ಹೊಗದ ಜಾಗವೇ ಇಲ್ಲ. ಮನುಷ್ಯರ ಮೂಗು, ಬಾಯಿ, ಬ್ರೆಡ್ಡಿನ ಡಬ್ಬ ಯಾವುದನ್ನೂ ಬಿಡದ ಧೂಳು ಕಂಪ್ಯೂಟರನ್ನು ಬಿಟ್ಟೀತೇ? ವಾರಕ್ಕೊಮ್ಮೆ ಅದರ ಹೊಟ್ಟೆ ಬಿಚ್ಚಿ, ಟೈರಿಗೆ ಗಾಳಿ ಹಾಕುವ ಪಂಪಿನಿಂದ ಊದಿ, ಕೆಂಪು ಪುಡಿಯನ್ನೆಲ್ಲ ಹೆಂಡತಿ ಒಗೆದು ಮಡಚಿಟ್ಟ ಬಟ್ಟೆಯ ಮೇಲೆ ಹಾರಿಸಿ ಬೈಸಿಕೊಳ್ಳುವುದು ಸ್ಟಮಾಟಿಸನಿಗೆ ಅಭ್ಯಾಸವಾಗಿತ್ತು.

ಅರವತ್ತು ದಾಟಿದ ಆಸಾಮಿ ಕಾರ್ ಆಟ ಆಡುತ್ತಾನೆಂದರೆ ನಗಬೇಡಿ. ನಮ್ಮೂರಲ್ಲಿ ಬೇಸಿಗೆಯ ಮಧ್ಯಾಹ್ನ ಹೊರಗೆ ಕಾಲಿಟ್ಟರೆ ಬೂಟಿನ ಅಂಟು ಬಿಡುತ್ತದೆ. ಅದಕ್ಕೇ ಅರ್ಧ ಊರು ಗುಡ್ಡ ಕೊರೆದು ಒಳಗೇ ಮನೆ ಮಾಡಿಕೊಂಡಿದೆ. ಈ ಗವಿಮನೆಗಳಲ್ಲಿ ಕಿಟಕಿಯಿಲ್ಲ, ಸೆಕೆಯಿಲ್ಲ, ಹಗಲು ರಾತ್ರಿಗಳ ಗುರುತೂ ಇಲ್ಲ. ಆಟ ಆಡದೆ ಇನ್ನೇನು ಮಾಡುವುದು? ಸ್ಟಮಾಟಿಸ್ ಹುಡುಗನಾಗಿದ್ದಾಗ ಅಪ್ಪನ ಬೆನ್ನು ಹಿಡಿದು ಗ್ರೀಸಿನಿಂದ ಬಂದವನು. ಬಂದಾಗಿನಿಂದ ನೆಲದೊಳಗಿನ ಓಪಲ್ ಹರಳು ಅಗೆಯುವುದೇ ಕಸುಬು. ಒಮ್ಮೆ ಬೆನ್ನು ಉಳುಕಿ ತಿಂಗಳುಗಟ್ಟಲೆ ಮಲಗಿದ್ದಾಗ, ಬಿಡಿಭಾಗಗಳನ್ನು ಒಂದೊಂದಾಗಿ ಅಂಚೆಯಲ್ಲಿ ತರಿಸಿ ತಾನೇ ಜೋಡಿಸಿದ ಯಂತ್ರ ಇದು. ಹೊರಗಿನ ಪೆಟ್ಟಿಗೆ ಯಾರೋ ಬೇಡವೆಂದು ಕೊಟ್ಟ ಹಳೆಯ ಕಾಲದ್ದು. ಪಕ್ಕದಲ್ಲಿ ಗಾಜು, ಗಾಜಿನೊಳಗೆ ನೇರಳೆ ಬಣ್ಣದ ಒಂದು ಟ್ಯೂಬ್ ದೀಪ. ಯಂತ್ರವನ್ನಿಡಲು ಗೋಡೆಯಲ್ಲಿ ತನ್ನ ಭುಜದಳತೆಗೆ ಸರಿಯಾಗಿ ಒಂದು ಗೂಡು ಕೊರೆದುಕೊಂಡಿದ್ದ. ಮುಂದೆ ಒಂದು ಕುರ್ಚಿ, ಅದು ಅವನದು. ಅದರ ಹಿಂದೆ ಇನ್ನೊಂದು ಕುರ್ಚಿ, ಅದು ಲ್ಯೂಬೊನದು.

ಈ ಕಂಪ್ಯೂಟರಿಗೇ ಹೊಸ ಗ್ರಾಫಿಕ್ಸ್ ಕಾರ್ಡ್ ಹಾಕಿಸುವುದೋ, ಇಲ್ಲಾ ಇದನ್ನು ಮೂಲೆಗಿಟ್ಟು ಆಟಕ್ಕೆಂದೇ ಇರುವ ಒಂದು ಕನ್ಸೋಲ್ ತರುವುದೋ ಎಂಬ ಪ್ರಶ್ನೆ ಎದ್ದಾಗ ಅದು ಸ್ಟಮಾಟಿಸನ ಮನೆಯೊಳಗೇ ಉಳಿಯಲಿಲ್ಲ. ಗ್ರೀಕ್ ಕ್ಲಬ್ಬಿನಲ್ಲಿ ಕುರಿಮಾಂಸದ ತಟ್ಟೆಗಳ ಮುಂದೆ ಎರಡು ಪಕ್ಷಗಳಾದವು. ಶಾಲೆಯಲ್ಲಿ ವಿಜ್ಞಾನ ಕಲಿಸುವ ಗಾರ್ತ್ ಕನ್ಸೋಲ್ ಪಕ್ಷದವನು.

"ಕಾರ್ಡ್ ಹಾಕಿದ್ರೆ ಅದಕ್ಕೆ ಕರೆಂಟ್ ಸಾಲಲ್ಲ, ಪವರ್ ಡಬ್ಬ ಬದಲಾಯಿಸ್ಬೇಕು," ಎಂದ ಗಾರ್ತ್. "ಅದು ಹಳೇ ಪೆಟ್ಟಿಗೇಲಿ ಹಿಡಿಯಲ್ಲ, ಪೆಟ್ಟಿಗೆ ಬದಲಾಯಿಸ್ಬೇಕು. ಕೊನೆಗೆ ನಿಂದು ಅಂತ ಉಳಿಯೋದು ಮೌಸ್ ಒಂದೇ. ಕನ್ಸೋಲ್ ತಗೋ, ಟೀವಿಗೆ ಸಿಕ್ಕಿಸು, ಆಡು. ತಲೆನೋವೇ ಇಲ್ಲ."

"ಮೊಹರು ಹಾಕಿದ ಡಬ್ಬ ಅದು. ಒಂದು ಸ್ಕ್ರೂ ಬಿಚ್ಚೋಕೆ ಬಿಡ್ತಾರಾ? ಒಳಗೇನಿದೆ ಅಂತ ನೋಡೋಕಾಗದೇ ಇರೋದನ್ನ ನಾನು ಮನೆಗೆ ತರಲ್ಲ," ಎಂದ ಸ್ಟಮಾಟಿಸ್.

"ಹಾಗಂದ್ರೆ ಫ್ರಿಜ್ಜೂ ವಾಪಸ್ ಕೊಟ್ಬಿಡು," ಎಂದು ಗಾರ್ತ್ ಹೇಳಿದ್ದಕ್ಕೆ ಮೇಜಿನ ಸುತ್ತ ಇದ್ದವರೆಲ್ಲ ನಕ್ಕರು. ಸ್ಟಮಾಟಿಸನೂ ನಕ್ಕ, ಆದರೆ ಒಪ್ಪಲಿಲ್ಲ. ಜೀವಮಾನವಿಡೀ ನೆಲ ಬಗೆದು ಒಳಗೇನಿದೆ ಎಂದು ನೋಡಿದವನ ಹಟ ಅದು, ಸುಲಭಕ್ಕೆ ಹೋಗುವಂಥದ್ದಲ್ಲ.

ಇನ್ನು ಲ್ಯೂಬೊ. ಸೆರ್ಬಿಯಾದವನು, ಎಲುಬು ಚರ್ಮದ ಎತ್ತರದ ಆಳು, ಮಾತು ಕಡಿಮೆ, ಗೊಣಗಾಟ ಜಾಸ್ತಿ. ಅವನ ಮಗಳ ನಾಮಕರಣದಲ್ಲಿ ಸ್ಟಮಾಟಿಸನೇ ಕೂಸನ್ನೆತ್ತಿಕೊಂಡು ನಿಂತಿದ್ದರಿಂದ ಲ್ಯೂಬೊ ಅವನನ್ನು 'ಕೂಮೆ' ಎಂದು ಕರೆಯುತ್ತಾನೆ. ಅವರ ಕಡೆ ಅದು ಒಡಹುಟ್ಟಿದವರಿಗಿಂತ ಹತ್ತಿರದ ನಂಟು. ಇಬ್ಬರೂ ಇಪ್ಪತ್ತು ವರ್ಷಕ್ಕೂ ಮೇಲೆ ಗಣಿಯಲ್ಲಿ ಜೊತೆಗಾರರಾಗಿದ್ದರು. ನಮ್ಮ ಕಸುಬಿನಲ್ಲಿ ಕರಾರು ಪತ್ರವಿಲ್ಲ, ಕೈ ಕುಲುಕಿದರೆ ಆಯಿತು. ಒಬ್ಬ ಗಣಿಯ ಬಾವಿಗೆ ಇಳಿಯುತ್ತಾನೆ, ಇನ್ನೊಬ್ಬ ಮೇಲೆ ರಾಟೆಯ ಹತ್ತಿರ ನಿಂತು ಮಣ್ಣು ತುಂಬಿದ ಬಕೆಟ್ ಎಳೆಯುತ್ತಾನೆ. ಮೊದಲ ವರ್ಷವೇ ರಾಟೆಯ ತಂತಿಗೆ ಸಿಕ್ಕಿ ಲ್ಯೂಬೊನ ಬಲಗೈಯ ಎರಡು ಬೆರಳು ಹೋದವು. ಏಣಿ ಹಿಡಿದು ಇಳಿಯುವುದು ಕಷ್ಟವಾಯಿತು. ಹಾಗಾಗಿ ಸ್ಟಮಾಟಿಸ್ ಕೆಳಗೆ, ಲ್ಯೂಬೊ ಮೇಲೆ ಎಂಬುದು ಖಾಯಂ ಆಗಿಬಿಟ್ಟಿತು.

ಮೇಲಿನವನು ಆಗಾಗ ಬಾವಿಗೆ ಬಗ್ಗಿ, "ಏನು ಕಾಣ್ತಿದೆ?" ಎಂದು ಕೂಗುತ್ತಾನೆ. "ಏನೂ ಇಲ್ಲ!" ಎಂದು ಕೆಳಗಿನಿಂದ ಉತ್ತರ ಬರುತ್ತದೆ. ದಿನಗಟ್ಟಲೆ ಇದೇ ಮಾತು. ಯಾವತ್ತೋ ಒಂದು ದಿನ ಕಲ್ಲಿನ ಸಂದಿಯಲ್ಲಿ ಹಸಿರು, ಕೆಂಪು ಮಿಂಚಿದರೆ ಕೆಳಗಿನವನ ಉಸಿರು ನಿಲ್ಲುತ್ತದೆ. ಮೇಲಿನವನಿಗೆ ಅದು ಬಕೆಟ್‌ನಲ್ಲಿ ಬಂದಾಗಲೇ ಗೊತ್ತು. ದುಡ್ಡು ಸಮಪಾಲು, ಅದರಲ್ಲಿ ಮೋಸವಿಲ್ಲ. ನಾವು ಬಣ್ಣ ಎಂದು ಕರೆಯುವ ಆ ಓಪಲನ್ನು ಮೊದಲು ಕಾಣುವುದು ಮಾತ್ರ ಯಾವಾಗಲೂ ಕೆಳಗಿನವನೇ.

ಹೋದ ವರ್ಷ ಇಬ್ಬರ ಮಂಡಿಯೂ ಕೈಕೊಟ್ಟು ಬಾವಿ ಬಿಟ್ಟರು. ಜೊತೆಗಾರಿಕೆಯಲ್ಲಿ ಉಳಿದದ್ದು ಆರು ವರ್ಷದಿಂದ ನಡೆದುಬಂದಿದ್ದ ಗುರುವಾರ ಸಂಜೆಯ ಆಟವೊಂದೇ. ಅಲ್ಲೂ ಅದೇ ಪದ್ಧತಿ. ಸ್ಟಮಾಟಿಸ್ ಮುಂದೆ ಕೂತು ಕಾರು ಓಡಿಸುತ್ತಿದ್ದ. ಲ್ಯೂಬೊ ಹಿಂದಿನ ಕುರ್ಚಿಯಲ್ಲಿ ಕೂತು ತಿರುವು ಹೇಳುತ್ತಿದ್ದ. "ಎಡಕ್ಕೆ, ಎಡಕ್ಕೆ! ಈಗ ಬಲಕ್ಕೆ ಕಡಿದಾದ ತಿರುವು! ಬ್ರೇಕು, ಬ್ರೇಕು, ಕತ್ತೆ!" ಶುರುವಿನಲ್ಲಿ ಒಮ್ಮೆ ಲ್ಯೂಬೊನೂ ಮುಂದೆ ಕೂತು ನೋಡಿದ್ದ. ಬಲಗೈಯ ಮೂರು ಬೆರಳು ಕೀಲಿಮಣೆಯ ಮೇಲೆ ತಾಳ ತಪ್ಪಿ ಕಾರು ಹಿಂದಕ್ಕೆ ಓಡಿತು. ಸ್ಟಮಾಟಿಸ್ ಹೊಟ್ಟೆ ಹಿಡಿದುಕೊಂಡು ನಕ್ಕ. ಲ್ಯೂಬೊನೂ ನಕ್ಕು ಎದ್ದು ಹಿಂದಿನ ಕುರ್ಚಿಗೆ ಹೋದ. ಆಮೇಲೆ ಆರು ವರ್ಷ ಆ ಕುರ್ಚಿ ಬಿಟ್ಟು ಏಳಲಿಲ್ಲ.

ಅಂಥವನು ಈ ಈಸ್ಟರ್ ಆದಮೇಲೆ ಬರುವುದನ್ನೇ ನಿಲ್ಲಿಸಿಬಿಟ್ಟ. ಮೊದಲ ಗುರುವಾರ ಮಂಡಿ ನೋವೆಂದ. ಇನ್ನೊಂದು ಗುರುವಾರ ನೀರಿನ ಟ್ಯಾಂಕ್ ಸೋರುತ್ತಿದೆಯೆಂದ. ಮೂರನೆಯದಕ್ಕೆ ಫೋನನ್ನೇ ಎತ್ತಲಿಲ್ಲ. ಸ್ಟಮಾಟಿಸ್ ಒಬ್ಬನೇ ಆಡಲು ಕೂತ. ತಿರುವು ಹೇಳುವವರಿಲ್ಲದೆ ಕಾರು ಹಳ್ಳಕ್ಕೆ ಬಿತ್ತು, ಅವನಿಗೆ ಮತ್ತೆ ಎತ್ತುವ ಮನಸ್ಸೂ ಆಗಲಿಲ್ಲ. ಹಿಂದೆ ತಿರುಗಿ ಖಾಲಿ ಕುರ್ಚಿ ನೋಡಿದ.

"ಚಿತ್ರ ನಿಂತು ನಿಂತು ಬರ್ತಿದೆ ನೋಡು, ಅದಕ್ಕೇ ಅವನಿಗೆ ಬೇಜಾರು," ಎಂದು ಹೆಂಡತಿಯ ಮುಂದೆ ತೀರ್ಪು ಕೊಟ್ಟ. ಹೆಂಡತಿ ಬ್ರಾನ್ವಿನ್ ಆಸ್ಪತ್ರೆಯಲ್ಲಿ ನರ್ಸು. ರೋಗಿಯ ಮುಖ ನೋಡಿದರೆ ಸಾಕು, ಸುಳ್ಳು ಹೇಳುತ್ತಿದ್ದಾನೋ ನಿಜ ಹೇಳುತ್ತಿದ್ದಾನೋ ತಿಳಿಯುತ್ತದೆ ಅವಳಿಗೆ. ಡಾಕ್ಟರಿಗೆ ಹಲ್ಲು ತೋರಿಸಲು ದೂರದ ಅಡಿಲೇಡಿಗೆ ಹೊರಟಿದ್ದಳು, ಹಾಗೇ ತಂಗಿಯ ಮನೆಯಲ್ಲಿ ನಾಲ್ಕು ದಿನ ಇದ್ದು ಬರುವ ಯೋಚನೆ.

"ಬರ್ತಾ ಆ ಕಾರ್ಡ್ ತಂದುಬಿಡು. ಚಿತ್ರ ಬೆಣ್ಣೆ ಥರ ಓಡುತ್ತೆ. ಲ್ಯೂಬೊ ತಾನಾಗೇ ಓಡಿ ಬರ್ತಾನೆ."

"ಲ್ಯೂಬೊ ಚಿತ್ರ ನಿಲ್ಲುತ್ತೆ ಅಂತ ಬರೋದು ಬಿಟ್ಟಿಲ್ಲ, ಸ್ಟಮ್."

"ಮತ್ತೆ ಯಾಕಂತೆ?"

"ಅವನ ಹತ್ರಾನೇ ಕೇಳು. ಬಾಯಿಲ್ವಾ ನಿಂಗೆ?"

ಗಂಡಸರು ಕೇಳುತ್ತಾರೆಯೇ? ಬ್ರಾನ್ವಿನ್ ಕಾರು ಹತ್ತಿ ಹೊರಟಳು. ಸ್ಟಮಾಟಿಸ್ ನಮ್ಮೂರವರು ಯಾವ ತೊಂದರೆ ಬಂದರೂ ಮಾಡುವುದನ್ನೇ ಮಾಡಿದ: ಗೋಡೆ ಅಗೆಯಲು ನಿಂತ. ಮನೆಗೆ ನೆಂಟರು ಬಂದರೆ ಅಗೆಯುತ್ತೇವೆ, ದೊಡ್ಡ ಫ್ರಿಜ್ ತಂದರೆ ಅಗೆಯುತ್ತೇವೆ, ಗಂಡ ಹೆಂಡತಿ ಜಗಳವಾಡಿದರೆ ಇನ್ನೊಂದು ಕೋಣೆಯನ್ನೇ ಅಗೆಯುತ್ತೇವೆ. ಹೊಸ ಕಾರ್ಡ್ ಬಂದರೆ ಕಂಪ್ಯೂಟರಿಗೆ ಗಾಳಿ ಬೇಕು, ಗಾಳಿಗೆ ಗೂಡು ದೊಡ್ಡದಾಗಬೇಕು ಎಂದು ಲೆಕ್ಕ ಹಾಕಿ, ಯಂತ್ರವನ್ನು ಪಕ್ಕದ ಸ್ಟೂಲಿನ ಮೇಲಿಟ್ಟು ಚಾದರ ಹೊದಿಸಿ ಪಿಕಾಸಿ ಎತ್ತಿದ. ಗೆಳೆಯ ಮುನಿಸಿಕೊಂಡದ್ದಕ್ಕೆ ಮನೆಯ ಗೋಡೆ ಕಡಿಯುವ ಜನ ನಾವಲ್ಲದೆ ಇನ್ನಾರಿದ್ದಾರು!

ಸಂಜೆಯ ಹೊತ್ತಿಗೆ ಗೂಡು ಒಂದು ತೋಳಿನಷ್ಟು ಆಳವಾಯಿತು. ದಣಿವಾರಿಸಿಕೊಳ್ಳಲು ಒಂದಾಟ ಆಡೋಣವೆಂದು ಚಾದರ ತೆಗೆದು ಕಂಪ್ಯೂಟರ್ ಹಚ್ಚಿದ. ಪರದೆ ಚೆನ್ನಾಗಿ ಕಾಣಲೆಂದು ಕೋಣೆಯ ದೀಪ ಆರಿಸಿದ. ಗವಿಮನೆಯ ಕತ್ತಲೆಯಲ್ಲಿ ಆ ಹಳೆಯ ಪೆಟ್ಟಿಗೆಯ ನೇರಳೆ ಬೆಳಕು ಹೊಸದಾಗಿ ಕಡಿದ ಗೋಡೆಗೆ ಬಿತ್ತು. ಗೋಡೆಯಲ್ಲಿ, ಮೊಣಕೈ ಎತ್ತರದಲ್ಲಿ, ಸಣ್ಣಗೆ ಒಂದು ಬಿಳಿ ಗೆರೆ ಹೊಳೆಯಿತು.

ಸ್ಟಮಾಟಿಸ್ ಗೋಡೆಗೆ ಮುಖ ತಾಗಿಸಿ ನೋಡಿದ. ಮಣ್ಣುಗುಡ್ಡೆ ಜರಡಿ ಹಿಡಿಯುವವರು ಕತ್ತಲೆ ಕೋಣೆಯಲ್ಲಿ ಇಂಥದೇ ನೇರಳೆ ದೀಪ ಹಚ್ಚಿ ಓಪಲ್ ಆರಿಸುತ್ತಾರೆಂಬುದು ನಮ್ಮೂರಿನ ಕೂಸಿಗೂ ಗೊತ್ತು. ಹೊಳೆದದ್ದೆಲ್ಲ ಓಪಲ್ ಅಲ್ಲ; ಬಣ್ಣವಿಲ್ಲದ, ಕಾಸಿನ ಬೆಲೆಯಿಲ್ಲದ ಹುಸಿಗಲ್ಲೂ ಹಾಗೇ ಹೊಳೆಯುತ್ತದೆ. ಅದೂ ಅವನಿಗೆ ಗೊತ್ತು. ಆದರೂ ಪಿಕಾಸಿ ಎತ್ತಿದ, ಮರುಕ್ಷಣ ಹಾಗೇ ಕೆಳಗಿಟ್ಟ. ಲ್ಯೂಬೊ ಇಲ್ಲದೆ ಅವನು ಎಂದೂ ಬಣ್ಣದ ಮೇಲೆ ಪೆಟ್ಟು ಹಾಕಿದವನಲ್ಲ. ಪಿಕಪ್ ಹತ್ತಿ ಸೀದಾ ಗೆಳೆಯನ ಮನೆಗೆ ಹೋದ.

ಲ್ಯೂಬೊ ಬಾಗಿಲ ಮುಂದೆ ಕುರ್ಚಿ ಹಾಕಿಕೊಂಡು ರಸ್ತೆ ನೋಡುತ್ತಿದ್ದ. ಟ್ಯಾಂಕಿನ ಸುತ್ತ ಒಂದು ಹನಿ ನೀರಿರಲಿಲ್ಲ.

"ಸೋರೋ ಟ್ಯಾಂಕು ಇದೇನಾ?"

"ನಿಂತುಹೋಯ್ತು," ಎಂದ ಲ್ಯೂಬೊ, ನಾಚಿಕೆಯಿಲ್ಲದೆ.

"ಗಾಡಿ ಹತ್ತು. ನಮ್ಮನೇ ಗೋಡೇಲಿ ಹೊಳೀತಾ ಇದೆ."

ಲ್ಯೂಬೊ ಕುರ್ಚಿ ಬಿಟ್ಟೆದ್ದು ಹತ್ತಿದ. ಎಷ್ಟೇ ಮುನಿಸಿರಲಿ, ಗಣಿಯವನು ಆ ಮಾತಿಗೆ ಏಳದೆ ಇರಲಾರ.

ಮನೆಗೆ ಬಂದು ದೀಪ ಆರಿಸಿದ್ದೇ ಇಬ್ಬರೂ ತಮ್ಮ ತಮ್ಮ ಜಾಗಕ್ಕೆ ಹೋದರು, ಯಾರೂ ಹೇಳಬೇಕಾಗಲಿಲ್ಲ. ಸ್ಟಮಾಟಿಸ್ ಪಿಕಾಸಿ ಹಿಡಿದು ಗೂಡಿನೊಳಕ್ಕೆ ತಲೆ ಹಾಕಿದ. ಲ್ಯೂಬೊ ಹಿಂದಿನ ಕುರ್ಚಿಯ ಪಕ್ಕ, ಕೈ ಹಿಂದೆ ಕಟ್ಟಿಕೊಂಡು ನಿಂತ. ಸ್ಟಮಾಟಿಸನ ಅಗಲವಾದ ಬೆನ್ನು ಗೂಡನ್ನೆಲ್ಲ ಮುಚ್ಚಿತ್ತು.

"ಏನು ಕಾಣ್ತಿದೆ?" ಎಂದು ಕೇಳಿದ ಲ್ಯೂಬೊ. ಬಾಯಿಂದ ಆ ಮಾತು ಬಿದ್ದದ್ದೇ ಅವನಿಗೆ ರೇಗಿಹೋಯಿತು.

"ಥೂ! ನೋಡು, ಮತ್ತೆ ಕೇಳ್ದೆ! ಇಪ್ಪತ್ತು ವರ್ಷದಿಂದ ಇದನ್ನೇ ಕೇಳ್ಕೊಂಡು ಬಂದಿದೀನಿ. ಬಾವೀಲಿ ನೀನು ಕೆಳಗೆ, ನಾನು ಮೇಲೆ ನಿಂತು ಏನು ಕಾಣ್ತಿದೆ, ಏನು ಕಾಣ್ತಿದೆ! ಹೋಗ್ಲಿ, ಕೈ ಹೀಗಾಯ್ತು, ಒಪ್ಕೊಂಡೆ. ಆಟಕ್ಕೆ ಕೂತ್ರೂ ನೀನೇ ಮುಂದೆ. ಆರು ವರ್ಷ ನಿನ್ನ ಬೋಳುತಲೆ ನೋಡ್ಕೊಂಡು ಎಡಕ್ಕೆ ಬಲಕ್ಕೆ ಅಂತ ಬಡ್ಕೊಂಡಿದೀನಿ ಕಣೋ, ಕೂಮೆ! ಒಂದಿನ, ಒಂದೇ ಒಂದಿನ, 'ನೀನು ಓಡಿಸ್ತೀಯಾ' ಅಂತ ಕೇಳಿದ್ಯಾ?"

ಸ್ಟಮಾಟಿಸ್ ಗೂಡಿನಿಂದ ತಲೆ ಹೊರಗೆ ತೆಗೆದ. ಕೂದಲಿಲ್ಲದ ತಲೆಯ ಮೇಲೆ ಧೂಳು ಕೂತಿತ್ತು. ಗೆಳೆಯನ ಮೂರು ಬೆರಳು ನೋಡಿದ, ಕೀಲಿಮಣೆ ನೋಡಿದ. ಕಂಪ್ಯೂಟರಿಗೂ ಕೈಯಲ್ಲಿ ಹಿಡಿದು ಆಡುವ ಕಂಟ್ರೋಲರ್ ಸಿಕ್ಕಿಸಬಹುದು, ಅದಕ್ಕೆ ಹೆಬ್ಬೆರಳು ತೋರುಬೆರಳು ಇದ್ದರೆ ಸಾಕು. ಆರು ವರ್ಷದ ಹಿಂದೆಯೇ ಸಿಕ್ಕಿಸಬಹುದಿತ್ತು. ಕಂಪ್ಯೂಟರಿನ ಹೊಟ್ಟೆಯೊಳಗಿನ ಒಂದೊಂದು ಸ್ಕ್ರೂ ಬಲ್ಲವನಿಗೆ ಇದು ಹೊಳೆದಿರಲಿಲ್ಲ. ತನ್ನ ಬಗ್ಗೆಯೇ ಅಸಹ್ಯವಾಯಿತು. ಬೇರೆ ದಾರಿ ಕಾಣದೆ ಪಿಕಾಸಿಯ ಹಿಡಿಯನ್ನು ಲ್ಯೂಬೊನ ಕಡೆ ಚಾಚಿದ.

"ತಗೋ. ನೀನೇ ಹೊಡಿ."

"ಬಣ್ಣ ಒಡೆದುಹೋದ್ರೆ?"

"ಹೋಗ್ಲಿ. ಹೊಡಿ ಅಂದೆ."

ಲ್ಯೂಬೊ ಪಿಕಾಸಿ ಇಸಕೊಂಡ. ಮೂರು ಬೆರಳಿನ ಕೈಯಲ್ಲಿ ಅದನ್ನು ಎರಡು ಸಲ ತೂಗಿ ನೋಡಿ, ಗೂಡಿನೊಳಗೆ ಬಗ್ಗಿದ. ಸ್ಟಮಾಟಿಸ್ ಹಿಂದೆ ನಿಂತ. ಅವನಿಗೆ ಈಗ ಗೆಳೆಯನ ಬೆನ್ನು ಬಿಟ್ಟು ಮತ್ತೇನೂ ಕಾಣುತ್ತಿರಲಿಲ್ಲ. ಟಕ್, ಟಕ್ ಎಂದು ಸದ್ದು ಬರುತ್ತಿತ್ತು. ಒಂದು ನಿಮಿಷಕ್ಕೇ ಅವನ ಕಾಲು ಸುಮ್ಮನಿರಲಾರದೆ ಹೋದವು.

"ಏನು ಕಾಣ್ತಿದೆ?" ಎಂದುಬಿಟ್ಟ.

"ಬಾಯ್ಮುಚ್ಕೊಂಡು ಕಾಯಿ," ಎಂದು ಒಳಗಿನಿಂದ ಉತ್ತರ ಬಂತು. "ನಾನು ಕಾದಿಲ್ವಾ?"

ಕಾಯುವುದು ಇಷ್ಟು ಕಷ್ಟದ ಕೆಲಸವೆಂದು ಸ್ಟಮಾಟಿಸನಿಗೆ ಅವತ್ತೇ ಗೊತ್ತಾದದ್ದು. ಒಳಗೆ ಬಗ್ಗಿದವನು ಗುನುಗುತ್ತಿದ್ದ. ಲ್ಯೂಬೊ ಗೊಣಗುವುದನ್ನು ಕೇಳಿದ್ದನೇ ಹೊರತು ಗುನುಗುವುದನ್ನು ಅವನು ಈವರೆಗೆ ಕೇಳಿರಲಿಲ್ಲ.

ಅವತ್ತು ಅಗೆದರು, ಮರುದಿನವೂ ಅಗೆದರು. ಬಿಳಿ ಗೆರೆ ಒಳಕ್ಕೆ ಹೋದಂತೆ ಇವರೂ ಹಿಂದೆ ಹೋದರು. ಇನ್ನೊಂದು ಮೊಳ, ಇನ್ನೊಂದೇ ಮೊಳ. ಲ್ಯೂಬೊ ಹೊಡೆಯುವುದು, ಸ್ಟಮಾಟಿಸ್ ಬಕೆಟ್ ಹೊತ್ತು ಹೊರಗೆ ಸುರಿಯುವುದು. ಕೊನೆಗೆ ಸಿಕ್ಕಿದ್ದು ಹುಸಿಗಲ್ಲು, ಬರೀ ಹುಸಿಗಲ್ಲು. ಅದರ ನಡುವೆ ಒಂದೇ ಒಂದು ಕಡೆ, ಸಾಸಿವೆ ಕಾಳಿನಷ್ಟು ಹಸಿರು. ಉಗುರಿನಿಂದ ಎಬ್ಬಿಸಿದರೆ ಪುಡಿಯಾಗುವಂಥದ್ದು, ಯಾವ ವ್ಯಾಪಾರಿಯೂ ಕಣ್ಣೆತ್ತಿ ನೋಡುವಂಥದ್ದಲ್ಲ. ಲ್ಯೂಬೊ ಅದರ ಮುಂದೆ ಮಂಡಿಯೂರಿ, ಟಾರ್ಚನ್ನು ಅತ್ತಿತ್ತ ವಾಲಿಸುತ್ತ, ತುಂಬ ಹೊತ್ತು ಕೂತ.

"ಕೂಮೆ," ಎಂದ ಮೆಲ್ಲಗೆ. "ಇದನ್ನ ನನಗಿಂತ ಮುಂಚೆ ಯಾರೂ ನೋಡಿಲ್ಲ ಅಲ್ವಾ?"

"ಭೂಮಿ ಹುಟ್ಟಿದಾಗಿಂದ ಯಾರೂ ನೋಡಿಲ್ಲ."

ಲ್ಯೂಬೊ ಕಣ್ಣೊರೆಸಿಕೊಂಡು ಧೂಳಿಗೆ ಬೈದ. ಸ್ಟಮಾಟಿಸ್ ಬಕೆಟ್ ಹಿಡಿದು ಹೊರಗೆ ಹೋಗಿ, ಗುಡ್ಡದ ಮೇಲೆ ನಿಂತು ಅಡಿಲೇಡಿಗೆ ಫೋನ್ ಹಚ್ಚಿದ.

"ಬಂತು ನೋಡು ಫೋನು," ಎಂದಳು ಬ್ರಾನ್ವಿನ್. "ಅಂಗಡೀಲೇ ಇದೀನಿ. ಕಾರ್ಡಿನ ಹೆಸರು ಇನ್ನೊಂದ್ಸಲ ಹೇಳು. ಈ ಹುಡುಗ ನಾನು ಹೇಳಿದ್ದು ಕೇಳಿ ನಗ್ತಿದಾನೆ."

"ಕಾರ್ಡ್ ಬೇಡ. ಕನ್ಸೋಲ್ ತಗೊಂಬಾ."

"ಯಾರು ಮಾತಾಡ್ತಿರೋದು?"

"ತಮಾಷೆ ಬೇಡ, ಬ್ರಾನ್. ಕಂಟ್ರೋಲರ್ ಎರಡು ಇರ್ಲಿ."

"ಸ್ಕ್ರೂ ಬಿಚ್ಚೋಕಾಗಲ್ಲ ಅಂತ ಊರೆಲ್ಲ ಸಾರಿದ್ಯಲ್ಲ. ಕಂಟ್ರೋಲರ್ರೇ ಬೇಕಿದ್ರೆ ನಿನ್ನ ಕಂಪ್ಯೂಟರಿಗೂ ಹಾಕ್ಬಹುದು ಅಂತಿದಾನೆ ಈ ಹುಡುಗ."

"ಗೊತ್ತು. ಆದ್ರೆ ಅದು ನನ್ನ ಯಂತ್ರ ಕಣೆ. ನಾನೇ ಜೋಡಿಸಿದ್ದು, ನಾನೇ ಬಿಚ್ಚೋದು. ಅದರ ಮುಂದೆ ಅವನು ಯಾವತ್ತಿದ್ರೂ ನೆಂಟನೇ. ಇಬ್ಬರಿಗೂ ಒಳಗೇನಿದೆ ಅಂತ ಗೊತ್ತಿಲ್ಲದೇ ಇರೋದು ಬೇಕು. ಆಗ ಇಬ್ಬರೂ ಸಮ."

"ಅಂತೂ ಕೇಳ್ದೆ ನೀನು ಅವನ್ನ," ಎಂದಳು ಬ್ರಾನ್ವಿನ್.

"ಕೇಳಲಿಲ್ಲ. ಅವನೇ ಬೈದ."

ಅವಳು ಮನೆಗೆ ಬಂದಾಗ ಗೂಡಿದ್ದ ಜಾಗದಲ್ಲಿ ಒಂದು ಸಣ್ಣ ಕೋಣೆಯೇ ಆಗಿತ್ತು. ಹಿಟ್ಟಿನ ಡಬ್ಬ, ಹಾಸಿಗೆ, ಹಲ್ಲುಜ್ಜುವ ಬ್ರಷ್ಷು ಎಲ್ಲವೂ ಕೆಂಪು. ನಾಲ್ಕು ದಿನ ಮನೆ ಬಿಟ್ಟು ಹೋದರೆ ಹೀಗಾ ಎಂದು ಅವಳು ಬೈದದ್ದನ್ನು ಇಲ್ಲಿ ಬರೆಯುವಂತಿಲ್ಲ. ಬೈದು ಮುಗಿದ ಮೇಲೆ ಕೋಣೆಯ ಅಳತೆ ನೋಡಿ, ಹಳೆಯ ಸೋಫಾ ಇಲ್ಲಿ ಸರಿಯಾಗಿ ಹಿಡಿಯುತ್ತದೆಂದಳು. ಮೂವರೂ ಸೇರಿ ಅದನ್ನೂ ಟೀವಿಯನ್ನೂ ತಂದಿಟ್ಟರು. ಧೂಳು ಉದುರದಿರಲೆಂದು ಗೋಡೆಗೆ ಅಂಟು ನೀರು ಬಳಿದರು, ಹುಸಿಗಲ್ಲಿನ ಗೆರೆಯನ್ನು ಮಾತ್ರ ಹಾಗೇ ಬಿಟ್ಟರು. ಕಂಪ್ಯೂಟರನ್ನು ಯಾರೂ ಎಸೆಯಲಿಲ್ಲ. ಅದು ಮೂಲೆಯಲ್ಲಿ ಕೂತು ತನ್ನ ನೇರಳೆ ಬೆಳಕನ್ನು ಆ ಗೆರೆಗೆ ಬೀರುತ್ತದೆ, ವಾರಕ್ಕೊಮ್ಮೆ ಸ್ಟಮಾಟಿಸ್ ಅದರ ಹೊಟ್ಟೆ ಬಿಚ್ಚಿ ಊದುತ್ತಾನೆ. ಹಿಂದಿನ ಕುರ್ಚಿಯ ಮೇಲೆ ಈಗ ಬ್ರಾನ್ವಿನ್ ಒಗೆದ ಬಟ್ಟೆ ಮಡಚಿಡುತ್ತಾಳೆ.

ಗುರುವಾರ ಸಂಜೆ ಲ್ಯೂಬೊ ಬಾಟಲಿಯಲ್ಲಿ ಮನೆಯ ಪ್ಲಮ್ ಬ್ರಾಂದಿ ಹಿಡಿದು, ಗಡ್ಡ ಬೋಳಿಸಿಕೊಂಡು ಬಂದ. ಟೀವಿಯ ಪರದೆ ಎರಡು ಹೋಳಾಯಿತು. ಮೇಲಿನರ್ಧ ಯಾರಿಗೆ, ಕೆಳಗಿನರ್ಧ ಯಾರಿಗೆ ಎಂಬ ಮಾತು ಬಂತು.

"ನಂಗೆ ಕೆಳಗಿಂದು," ಎಂದ ಲ್ಯೂಬೊ. ಸ್ಟಮಾಟಿಸ್ ಮೇಲಿನರ್ಧದ ಕಂಟ್ರೋಲರ್ ಎತ್ತಿಕೊಂಡ.

ಮೊದಲು ಲ್ಯೂಬೊ ಹಳ್ಳಕ್ಕೆ ಬಿದ್ದ. ಆಮೇಲೆ ಕುರಿಗಳ ಬೇಲಿ ಮುರಿದ. ಸ್ಟಮಾಟಿಸ್ ಅಭ್ಯಾಸ ಬಲದಿಂದ ಅವನಿಗೆ ತಿರುವು ಹೇಳಲು ಹೋಗಿ ಎಡಬಲ ಅದಲು ಬದಲು ಮಾಡಿ, ತನ್ನ ಕಾರನ್ನೂ ಮರಕ್ಕೆ ಗುದ್ದಿದ. "ನಿನ್ನ ಕಡೆ ನೋಡ್ಕೊಳೋ!" ಎಂದು ಲ್ಯೂಬೊ ಗದರಿದ. ಯಾವ ತಿರುವಾದರೂ ಅವನ ಕಣ್ಣಿಗೆ ಮೊದಲೇ ಗೊತ್ತು; ಆರು ವರ್ಷ ಕೂಗಿದ್ದೇನು ಸುಮ್ಮನೆಯೇ? ಬೆರಳಿಗೆ ಕಂಟ್ರೋಲರ್ ಒಗ್ಗುವುದಷ್ಟೇ ಬಾಕಿಯಿತ್ತು. ಬಾಟಲಿ ಅರ್ಧವಾಗುವ ಹೊತ್ತಿಗೆ ಅದೂ ಒಗ್ಗಿತು. ಗುಡ್ಡದ ದಾರಿಯ ಆಟದಲ್ಲಿ ಲ್ಯೂಬೊನ ಕಾರು ಸ್ಟಮಾಟಿಸನನ್ನು ದಾಟಿ, ಮೇಲೆ ಮೇಲೆ ಏರಿ ಕಣ್ಮರೆಯಾಯಿತು.

ಸ್ಟಮಾಟಿಸನ ಅರ್ಧ ಪರದೆಯಲ್ಲಿ ಗೆಳೆಯನ ಕಾರು ಎಬ್ಬಿಸಿದ ಧೂಳು ಬಿಟ್ಟು ಬೇರೇನೂ ಇರಲಿಲ್ಲ. ಕೆಳಗಿನರ್ಧವನ್ನು ಕದ್ದು ನೋಡಬಹುದಿತ್ತು, ನೋಡಲಿಲ್ಲ. ಧೂಳಿನ ನಡುವೆ ಕಾರು ನಿಲ್ಲಿಸಿ, ಬಾವಿಯ ಬಾಯಿಗೆ ಬಗ್ಗಿದವನ ದನಿಯಲ್ಲಿ ಕೂಗಿದ.

"ಲ್ಯೂಬೊ! ಏನು ಕಾಣ್ತಿದೆ?"

ಲ್ಯೂಬೊ ಸೋಫಾದ ತುದಿಗೆ ಬಂದಿದ್ದ, ಕಣ್ಣು ಪರದೆಯಲ್ಲಿ ನೆಟ್ಟಿತ್ತು.

"ಏನೂ ಇಲ್ಲ ಕಣೋ, ಕೂಮೆ!" ಎಂದ. "ಮುಂದೆ ಯಾರೂ ಇಲ್ಲ!"